ಕರ್ಣಕುಂಡಲದ ಕಾಯಿ ಮುಟ್ಟಿದರೆ ಯಾಕೆ ಸಿಡಿಯುತ್ತದೆ

ಭೂಮಿ ಆಗಷ್ಟೇ ಹೊಸದಾಗಿತ್ತು. ಬೆಟ್ಟಗಳ ಮೈ ಇನ್ನೂ ಪೂರ್ತಿ ಆರಿರಲಿಲ್ಲ. ಯಾವ ಕಡೆಗೆ ಹರಿಯಬೇಕೆಂದು ಹಳ್ಳಗಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಎದುರು ಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಗಾಳಿ ಮಾತಾಡುತ್ತಿತ್ತು, ಗಿಡ ಮಾತಾಡುತ್ತಿತ್ತು, ಮಣ್ಣೂ ಮಾತಾಡುತ್ತಿತ್ತು. ಮನುಷ್ಯರು ಕೆಲವೇ ಮಂದಿ ಇದ್ದುದರಿಂದ ಗದ್ದಲ ಕಡಿಮೆ. ಕಿವಿಗೊಟ್ಟವರಿಗೆ ಎಲ್ಲರ ಮಾತೂ ಕೇಳಿಸುತ್ತಿತ್ತು.

ಆ ಕಾಲದಲ್ಲಿ ಹೂ ಬಿಡುತ್ತಿದ್ದದ್ದು ಮರಗಳು ಮಾತ್ರ. ಅದೂ ಎತ್ತರದಲ್ಲಿ, ದೂರದ ಕಾಡಿನಲ್ಲಿ. ಮನೆಯ ಸುತ್ತ ನೆಲದ ಮೇಲಿದ್ದ ಸಣ್ಣ ಗಿಡಗಳೆಲ್ಲ ಬರೀ ಹಸಿರು. ಪೈರು, ಕಾಯಿಪಲ್ಯದ ಗಿಡಗಳು ಆಗ ಹೂವಿಲ್ಲದೆಯೇ ಫಲ ಕೊಡುತ್ತಿದ್ದವು.

ಹಾಗೆಂದು ಭೂಮಿತಾಯಿ ಸಣ್ಣ ಗಿಡಗಳಿಗೆ ಕಡಿಮೆ ಕೊಟ್ಟಿರಲಿಲ್ಲ. ದೊಡ್ಡ ಮರಕ್ಕೆ ನೂರು ವರ್ಷ ಆಯಸ್ಸು ಕೊಟ್ಟಳು, ಗೇಣುದ್ದದ ಗಿಡಕ್ಕೂ ನೂರು ವರ್ಷವೇ ಕೊಟ್ಟಳು. ನೂರು ವರ್ಷಕ್ಕೆ ಸಾಕಾಗುವಷ್ಟು ಬಣ್ಣವನ್ನೂ ಕೊಟ್ಟು, ನಿಧಾನವಾಗಿ ಬಳಸಿಕೊಳ್ಳಿ ಎಂದಿದ್ದಳು. ಸಣ್ಣ ಗಿಡಗಳು ಹೇಳಿದ ಮಾತು ಕೇಳುವಂಥವು. ವರ್ಷಕ್ಕೊಂದು ಎಲೆ ಬಿಡುತ್ತಿದ್ದವು. ಮುದಿತನದಲ್ಲಿ ಒಂದೇ ಒಂದು ಹೂ ಬಿಟ್ಟರಾಯಿತು ಎಂದು ಬಣ್ಣವನ್ನೆಲ್ಲ ಕಾಂಡದೊಳಗೆ ಮುಚ್ಚಿಟ್ಟುಕೊಂಡು ಕೂತಿದ್ದವು.

ಆಗ ಒಂದು ಹಳ್ಳದ ದಂಡೆಯ ಮೇಲೆ ಒಂದು ಮಣ್ಣಿನ ಮನೆ ಇತ್ತು. ಅದರಲ್ಲಿ ಸಾತವ್ವ ಮತ್ತು ಅವಳ ಗಂಡ ದ್ಯಾಮಪ್ಪ ಇದ್ದರು. ಸಾತವ್ವ ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಸಾಲುಸಾಲಾಗಿ ಹೊಲಿದು ಕೌದಿ ಮಾಡುತ್ತಿದ್ದಳು. ಅವಳ ಕೌದಿ ಹೊದ್ದವರಿಗೆ ಚಳಿ ತಾಗುತ್ತಿರಲಿಲ್ಲ. ಆದರೆ ಆ ಕೌದಿಗಳಿಗೆಲ್ಲ ಎರಡೇ ಬಣ್ಣ. ಒಂದು ಮಣ್ಣಿನದು, ಇನ್ನೊಂದು ಮಸಿಯದು. ಬೇರೆ ಬಣ್ಣ ಸಾತವ್ವನ ಕೈಗೆ ಸಿಕ್ಕಿರಲಿಲ್ಲ.

ಸಾತವ್ವನಿಗೆ ಕಣ್ಣು ಮಂಜಾಗುತ್ತಿತ್ತು.

ಮೊದಲು ದೂರದ ಬೆಟ್ಟ ಕಾಣದಾಯಿತು. ಬೆಟ್ಟ ಎಲ್ಲಿ ಹೋಗುತ್ತದೆ, ಅಲ್ಲೇ ಇರುತ್ತದೆ ಎಂದುಕೊಂಡು ಸುಮ್ಮನಾದಳು. ಆಮೇಲೆ ಹಳ್ಳ ಕಾಣದಾಯಿತು. ಸಪ್ಪಳ ಕೇಳುತ್ತದಲ್ಲ ಎಂದುಕೊಂಡು ಸುಮ್ಮನಾದಳು. ಆಮೇಲೆ ಅಂಗಳದಂಚಿನ, ಇನ್ನೂ ಹೂ ಬಿಡದ ಬೇವಿನ ಮರ ಕಾಣದಾಯಿತು. ನೆರಳು ತಾಗುತ್ತದಲ್ಲ ಎಂದುಕೊಂಡಳು. ಆ ವರ್ಷ ಮಳೆಗಾಲ ಹತ್ತಿರ ಬಂದಾಗ ಅವಳ ನೋಟ ಹೊಸ್ತಿಲಿನಿಂದ ಬಚ್ಚಲ ಕಲ್ಲಿನವರೆಗೆ ಮಾತ್ರ ಹೋಗುತ್ತಿತ್ತು. ಈ ಮಳೆಗಾಲ ಮುಗಿಯುವುದರೊಳಗೆ ಅದು ಸೂಜಿಯ ತುದಿಗೆ ಬಂದು, ಅಲ್ಲಿಂದಲೂ ಹೋಗುತ್ತದೆ ಎಂದು ಅವಳಿಗೆ ಗೊತ್ತಾಗಿತ್ತು.

ಅವಳಿಗೆ ಇದ್ದದ್ದು ಒಂದೇ ಆಸೆ. ಕಣ್ಣು ಹೋಗುವ ಮೊದಲು ಹತ್ತಿರದಿಂದ ಒಂದು ಹೂ ನೋಡಬೇಕು.

ದ್ಯಾಮಪ್ಪ ಕಾಡಿಗೆ ಹೋಗಿ ಹೂ ತರುತ್ತಿರಲಿಲ್ಲವೆಂದಲ್ಲ. ತರುತ್ತಿದ್ದ. ಆದರೆ ಕಾಡು ದೂರ. ಬಿಸಿಲಲ್ಲಿ ನಡೆದು ಮನೆ ಸೇರುವ ಹೊತ್ತಿಗೆ ಹೂವೆಲ್ಲ ಬಾಡಿ ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಆಗ ಅವನು ಬಾಯಲ್ಲೇ ಬಣ್ಣ ಹೇಳಲು ಕೂರುತ್ತಿದ್ದ. ಮುತ್ತುಗದ ಹೂ ತೊಂಡೆಹಣ್ಣಿನ ಹಾಗೆ ಕೆಂಪು ಎನ್ನುತ್ತಿದ್ದ. ಕಕ್ಕೆಯ ಹೂ ಅರಿಶಿನ ಕಲಸಿದ ಅನ್ನದ ಹಾಗೆ ಎನ್ನುತ್ತಿದ್ದ. ನೇರಳೆ ಬಣ್ಣದ ಯಾವುದೋ ಹೂವಿಗೆ ಹೋಲಿಕೆ ಸಿಗದೆ ಬಹಳ ಹೊತ್ತು ತಲೆ ಕೆರೆದುಕೊಂಡು, ಬದನೆಕಾಯಿಯ ಹಾಗೆ ಎಂದ.

"ನೀವು ಹೂ ನೋಡಾಕ ಹೋಗಿದ್ರೋ, ಊಟಕ್ಕ ಹೋಗಿದ್ರೋ?" ಎಂದಳು ಸಾತವ್ವ.

ದ್ಯಾಮಪ್ಪ ನಕ್ಕ. ಅವಳೂ ನಕ್ಕಳು. ನಕ್ಕ ಮೇಲೆ ಅವಳು ಬಾಡಿದ ಹೂವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದಳು. ದ್ಯಾಮಪ್ಪ ಮುಖ ಆಚೆ ತಿರುಗಿಸಿ ಅವಳ ಸೂಜಿಗೆ ದಾರ ಪೋಣಿಸತೊಡಗಿದ.

ಒಂದು ದಿನ ಸಾತವ್ವ ಗಾಳಿಯನ್ನು ಕರೆದು ತನ್ನ ಆಸೆ ಹೇಳಿದಳು. ಕಾಡಿನ ಮರಗಳು ನನ್ನ ಅಂಗಳಕ್ಕೆ ಬಂದು, ಬಚ್ಚಲ ಕಲ್ಲಿನ ಈಚೆಗೆ, ಈ ಮಳೆಗಾಲದಲ್ಲಿ ಒಂದು ಹೂ ಬಿಡುತ್ತವೆಯೇ ಕೇಳಿಕೊಂಡು ಬಾ ಎಂದಳು. ಗಾಳಿಗೆ ಇಂಥ ಕೆಲಸವೆಂದರೆ ಇಷ್ಟ. ಕೂಡಲೇ ಹೊರಟಿತು.

ಗಾಳಿ ಮುತ್ತುಗದ ಮರವನ್ನು ಕೇಳಿತು. ಮುತ್ತುಗ ಒಳ್ಳೆಯ ಮರ. ಬೀಜವನ್ನು ಇವತ್ತೇ ಕೊಡುತ್ತೇನೆ, ಆದರೆ ಹೂ ಬಿಡಲು ಹತ್ತು ವರ್ಷವಾದರೂ ಬೇಕು ಎಂದಿತು.

ಗಾಳಿ ಕಕ್ಕೆಯ ಮರವನ್ನು ಕೇಳಿತು. ಕಕ್ಕೆಯೂ ಒಳ್ಳೆಯ ಮರವೇ. ಬೀಜ ಕೊಡುತ್ತೇನೆ, ಹೂವಿಗೆ ಮಾತ್ರ ಕೆಲವು ವರ್ಷ ತಾಳಬೇಕು ಎಂದಿತು.

ಗಾಳಿ ಬೂರುಗದ ಮರವನ್ನು ಕೇಳಿತು. ಬೂರುಗ ತನ್ನ ದಪ್ಪ ಕಾಂಡವನ್ನು ತೋರಿಸಿ, ಇಷ್ಟಾಗದೆ ಹೂ ಹೇಗೆ ಬಿಡಲಿ ಎಂದಿತು.

ಗಾಳಿ ಮನೆಗೆ ಬಂದಿತು. ಬಂದರೂ ಒಳಗೆ ಹೋಗಲಿಲ್ಲ. ಮನೆಯನ್ನು ಸುತ್ತಿತು, ಮತ್ತೆ ಸುತ್ತಿತು. ಕೊನೆಗೆ ಬಚ್ಚಲ ಹತ್ತಿರ ಕುಳಿತು, ಕಣ್ಣು ಹೋಗುವ ಮೊದಲು ಒಂದು ಹೂ ನೋಡಬೇಕೆಂದಳಲ್ಲ, ಆಕೆಗೆ ಏನು ಹೇಳಲಿ ಎಂದು ತನ್ನಷ್ಟಕ್ಕೆ ತಾನೇ ಗೊಣಗಿಕೊಂಡಿತು.

ಅದು ಬಚ್ಚಲ ಬದಿಯ ಸಣ್ಣ ಗಿಡಗಳಿಗೆ ಕೇಳಿಸಿತು.

ಅಲ್ಲಿ ಚೆಂಡು ಹೂವಿನ ಗಿಡ ಇತ್ತು, ಕೋಳಿಜುಟ್ಟಿನ ಗಿಡ ಇತ್ತು, ಕಾಂಡದಲ್ಲಿ ನೀರು ತುಂಬಿಕೊಂಡ ಇನ್ನೊಂದು ಗಿಡವೂ ಇತ್ತು. ಆಗ ಅವಕ್ಕೆ ಹೂವೂ ಇರಲಿಲ್ಲ, ಹೆಸರೂ ಇರಲಿಲ್ಲ. ಸಾತವ್ವ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಕೈಕಾಲು ತೊಳೆದ ನೀರು ಎಲ್ಲವೂ ಹರಿದು ಬರುತ್ತಿದ್ದದ್ದು ಇವುಗಳ ಬುಡಕ್ಕೆ. ಬೇಸಿಗೆಯಲ್ಲಿ ಬಯಲಿನ ಗಿಡಗಳು ಸೊರಗಿದಾಗಲೂ ಇವು ಸೊರಗಿರಲಿಲ್ಲ.

ನೀರು ತುಂಬಿಕೊಂಡ ಗಿಡ ಭೂಮಿತಾಯಿಯನ್ನು ಮಾತಾಡಿಸಿತು. ಅಮ್ಮಾ, ನೀನು ಕೊಟ್ಟ ನೂರು ವರ್ಷವನ್ನು ಒಂದೇ ಮಳೆಗಾಲದಲ್ಲಿ ಬಳಸಬಹುದೇ ಎಂದು ಕೇಳಿತು.

ಅಂಥ ಪ್ರಶ್ನೆಯನ್ನು ಭೂಮಿತಾಯಿ ಅದುವರೆಗೆ ಯಾರ ಬಾಯಿಂದಲೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಬಳಸಬಹುದು ಎಂದಳು. ನೂರು ವರ್ಷದ ಬಣ್ಣ ಒಮ್ಮೆಗೇ ಬರುತ್ತದೆ, ಒಂದಲ್ಲ, ಮೈತುಂಬ ಹೂವಾಗುತ್ತದೆ. ಆದರೆ ಮಳೆಗಾಲ ಕಳೆದ ಮೇಲೆ ನೀವು ಇರುವುದಿಲ್ಲ. ಬಳಸಿದ್ದನ್ನು ಮತ್ತೆ ತುಂಬಿಕೊಡಲು ನನಗೂ ಬರುವುದಿಲ್ಲ ಎಂದಳು.

ಚೆಂಡು ಹೂವಿನ ಗಿಡಕ್ಕೆ ಭಯವಾಯಿತು. ಯಾರಿಗಾಗಿ ಇದನ್ನೆಲ್ಲ ಮಾಡಬೇಕು, ಆ ಹೆಂಗಸು ನಮ್ಮನ್ನು ಒಂದು ದಿನವಾದರೂ ನೋಡಿದ್ದಾಳೆಯೇ ಎಂದಿತು. ಭೂಮಿತಾಯಿಗೂ ಅದು ನ್ಯಾಯವಾದ ಮಾತೇ ಅನ್ನಿಸಿತು.

"ಆಕಿ ನಿಮಗಂತ ನೀರು ಹಾಕಲಿಲ್ಲ. ಬ್ಯಾಡಾದ ನೀರು ಚೆಲ್ಲಿದಳು, ಅಷ್ಟs" ಎಂದಳು.

"ಆಕಿ ಚೆಲ್ಲಿದ್ದು ಖರೆ. ನಮಗ ಮುಟ್ಟಿದ್ದೂ ಖರೆ" ಎಂದಿತು ನೀರು ತುಂಬಿಕೊಂಡ ಗಿಡ.

ಚೆಂಡು ಹೂವಿನ ಗಿಡ ತನ್ನ ಬುಡದ ಒದ್ದೆ ಮಣ್ಣನ್ನು ನೋಡಿಕೊಂಡಿತು. ಆಮೇಲೆ, ಹಾಗಾದರೆ ನಾನೂ ಬರುತ್ತೇನೆ ಎಂದಿತು. ಕೋಳಿಜುಟ್ಟಿನ ಗಿಡ ಆಗಲೇ ತಲೆಯೆತ್ತಿ ನಿಂತಿತ್ತು.

ಮುಂಗಾರಿನ ಮೊದಲಿಗೆ ಬರುವ ಮಿರಗದ ಮಳೆ ಬಂತು. ವರ್ಷಕ್ಕೊಂದು ಎಲೆ ಬಿಡುತ್ತಿದ್ದ ಗಿಡಗಳು ದಿನಕ್ಕೊಂದು ಎಲೆ ಬಿಟ್ಟವು. ದ್ಯಾಮಪ್ಪ ಬಚ್ಚಲ ಕಡೆ ನೋಡಿ, ಈ ಕಳೆ ಯಾಕೋ ಬಹಳ ಬೆಳೆದಿದೆ, ಕಿತ್ತು ಹಾಕಲೇ ಎಂದ. ಇರಲಿ ಬಿಡಿ, ಹಸಿರಾದರೂ ಕಾಣುತ್ತದೆ ಎಂದಳು ಸಾತವ್ವ. ಅಷ್ಟು ಹೊತ್ತಿಗೆ ಅವಳ ನೋಟ ಬಚ್ಚಲ ಕಲ್ಲಿನಿಂದ ಹಿಂದೆ ಸರಿದಿತ್ತು. ಗಿಡಗಳಿಗೆ ಅದು ತಿಳಿಯಿತು. ಅವು ಹೊಸ್ತಿಲ ಕಡೆಗೆ ಬಾಗಿ ಬೆಳೆದವು.

ಶ್ರಾವಣದ ಒಂದು ಬೆಳಿಗ್ಗೆ ಸಾತವ್ವ ಬಾಗಿಲು ತೆಗೆದಳು.

ಬಾಗಿಲ ಎದುರಿಗೇ ಕೆಂಪು ಇತ್ತು. ಅದರ ಪಕ್ಕದಲ್ಲಿ ಹಳದಿ. ಅದರ ಪಕ್ಕದಲ್ಲಿ ಬಿಳಿ, ತಿಳಿಗೆಂಪು, ನೇರಳೆ. ಅವಳು ಹೊಸ್ತಿಲ ಮೇಲೆ ಕೂತಳು. ಮುಖವನ್ನು ಗಿಡದ ಹತ್ತಿರ ತಂದಳು. ಎಸಳಿನ ಮೇಲೆ ಸಣ್ಣ ಸಣ್ಣ ಗೆರೆಗಳಿದ್ದವು. ಒಂದೊಂದು ಗೆರೆಯನ್ನೂ ನೋಡಿದಳು. ಎಲೆಯ ಸಂದಿಯಲ್ಲಿ ಅಡಗಿದ್ದ ಹೂವನ್ನು ಎಲೆ ಸರಿಸಿ ನೋಡಿದಳು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿದ ವಾಸನೆ ಬಂತು. ಅವಳು ಏಳಲಿಲ್ಲ.

ದ್ಯಾಮಪ್ಪ ಬಂದು ಅವಳ ಪಕ್ಕ ಕೂತ. ಯಾವ ಬಣ್ಣವೆಂದು ಹೇಳಲು ಬಾಯಿ ತೆರೆದವನು ಸುಮ್ಮನಾದ. ಅವತ್ತು ಹೇಳುವ ಕೆಲಸ ಅವನಿಗಿರಲಿಲ್ಲ.

ಪಂಚಮಿ ಹಬ್ಬಕ್ಕೆ ಮಗಳು ಕಲ್ಲವ್ವ ತವರಿಗೆ ಬಂದಳು. ನೀರು ತುಂಬಿದ ಗಿಡದ ಹೂ ತೂಗಾಡುವುದನ್ನು ಕಂಡು, ಅದರ ಹಿಂದಿನ ಸಣ್ಣ ಬಾಲ ಹಿಡಿದು ಕಿವಿಗೆ ಸಿಕ್ಕಿಸಿಕೊಂಡಳು. ಕಿವಿಯಲ್ಲಿ ಕುಂಡಲ ಹಾಕಿಕೊಂಡ ಹಾಗೆ ಕಂಡಿತು. ಆ ದಿನದಿಂದ ಆ ಗಿಡಕ್ಕೆ ಕರ್ಣಕುಂಡಲ ಎಂದು ಹೆಸರಾಯಿತು. ದ್ಯಾಮಪ್ಪ ಕೂಡ ಒಂದನ್ನು ಕಿವಿಗೆ ಸಿಕ್ಕಿಸಿಕೊಂಡು ಹಿತ್ತಲಿಗೆ ಹೋಗಿ ಬಂದ. ಅವನನ್ನು ನೋಡಿ ತಾಯಿ ಮಗಳು ಬಹಳ ನಕ್ಕರು.

ಹಬ್ಬ ಮುಗಿದು ಕಲ್ಲವ್ವ ಗಂಡನ ಮನೆಗೆ ಹೊರಟಾಗ ಸಾತವ್ವ ಅವಳನ್ನು ಹೊಸ್ತಿಲ ಬಳಿ ನಿಲ್ಲಿಸಿ ಉಡಿ ತುಂಬಿದಳು. ಮಗಳು ಸೆರಗು ಒಡ್ಡಿದಳು. ತಾಯಿ ಅದರಲ್ಲಿ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಇಟ್ಟಳು, ಎಲೆ ಅಡಿಕೆ ಇಟ್ಟಳು. ತಾಯಿಯೂ ಅತ್ತಳು, ಮಗಳೂ ಅತ್ತಳು. ಗಿಡಗಳು ಕೆಳಗಿನಿಂದ ಅದನ್ನು ನೋಡುತ್ತಿದ್ದವು.

ಆ ಮಳೆಗಾಲವೆಲ್ಲ ಸಾತವ್ವ ದಿನವೂ ಹೂ ನೋಡಿದಳು. ಇವತ್ತು ಅರಳಿದ್ದು ಯಾವುದು, ನಾಳೆ ಅರಳುವುದು ಯಾವುದು ಎಲ್ಲ ಅವಳಿಗೆ ಗೊತ್ತಿತ್ತು. ದಿನದಿನಕ್ಕೆ ಅವಳು ಹೂವಿಗೆ ಇನ್ನೂ ಹತ್ತಿರ ಬಾಗಬೇಕಾಗುತ್ತಿತ್ತು. ಕೊನೆಗೊಂದು ದಿನ ಮೂಗಿಗೆ ಎಸಳು ತಾಗಿತು, ಆದರೂ ಬಣ್ಣ ಕಾಣಲಿಲ್ಲ. ಅವಳು ಕೂಗಲಿಲ್ಲ, ಅಳಲಿಲ್ಲ. ನೋಡಿ ಆಗಿತ್ತು. ದ್ಯಾಮಪ್ಪನಿಗೆ ಕೇಳುವಷ್ಟು ಮಾತ್ರ ಮೆಲ್ಲಗೆ, ಇಷ್ಟು ದಿನ ಕಂಡಿತಲ್ಲ ಎಂದಳು.

ಮಳೆ ನಿಂತಿತು. ಬಿಸಿಲು ಬಲಿಯತೊಡಗಿತು. ಸಾತವ್ವ ಹೊಸ್ತಿಲ ಮೇಲೆ ಕೂತು ಗಿಡಗಳನ್ನು ಕೈಯಿಂದ ತಡವುತ್ತಿದ್ದಳು. ಒಂದು ದಿನ ಎಲೆಗಳು ಜೋತು ಬಿದ್ದಿದ್ದವು. ನೀರು ಹಾಕಿದಳು. ಮರುದಿನವೂ ಜೋತು ಬಿದ್ದಿದ್ದವು. ಕಾಂಡ ಮೆತ್ತಗಾಗಿತ್ತು. ಏನಾಯಿತೆಂದು ಗಾಳಿಯನ್ನು ಕೇಳಿದಳು. ಗಾಳಿಗೆ ಇನ್ನು ಮುಚ್ಚಿಡಲಾಗಲಿಲ್ಲ. ಮರಗಳು ಹೇಳಿದ್ದು, ಗಿಡಗಳು ಕೇಳಿದ್ದು, ಭೂಮಿತಾಯಿ ಒಪ್ಪಿದ್ದು, ಎಲ್ಲವನ್ನೂ ಹೇಳಿತು.

ಸಾತವ್ವ ಮೆತ್ತಗಾದ ಕಾಂಡವನ್ನು ಮತ್ತೊಮ್ಮೆ ತಡವಿದಳು.

"ನಾ ಹೂ ಕೇಳಿದ್ದೆ. ನಿಮ್ಮ ಜೀವಾ ಕೇಳಿರಲಿಲ್ಲ" ಎಂದಳು.

"ನೀ ಕೇಳಲಿಲ್ಲವ್ವಾ, ಅದಕ್ಕs ಕೊಡಾಕ ಹಗುರಾತು" ಎಂದಿತು ಕರ್ಣಕುಂಡಲ.

ನೂರು ವರ್ಷ ಇರುತ್ತಿದ್ದಿರಲ್ಲ ಎಂದಳು ಸಾತವ್ವ. ಇರುತ್ತಿದ್ದೆವು, ಆದರೆ ಯಾರೂ ಬಗ್ಗಿ ನೋಡುತ್ತಿರಲಿಲ್ಲ, ಈ ಮಳೆಗಾಲದಲ್ಲಿ ನಮ್ಮನ್ನು ಒಬ್ಬರು ದಿನಾ ನೋಡಿದರು ಎಂದಿತು ಕರ್ಣಕುಂಡಲ. ಅದನ್ನು ಅದು ಸಮಾಧಾನಕ್ಕೆಂದು ಹೇಳಲಿಲ್ಲ. ಇದ್ದದ್ದನ್ನು ಹೇಳಿತು.

ಸಾತವ್ವ ಎದ್ದು ಒಳಗೆ ಹೋದಳು. ಗೋಡೆ ಹಿಡಿದುಕೊಂಡು ಅಕ್ಕಿಯ ಗಡಿಗೆಯವರೆಗೆ ನಡೆದಳು. ಮನೆಯಿಂದ ಹೊರಟ ಮಗಳನ್ನು ಬರಿಗೈಯಲ್ಲಿ ಕಳಿಸಬಾರದು. ಇವೂ ಅವಳ ಮನೆಯಿಂದ ಹೊರಟಿದ್ದವು. ಬೊಗಸೆಯಲ್ಲಿ ಅಕ್ಕಿ ತಂದು ಗಿಡದ ಎದುರು ಕೂತು, ಉಡಿ ಒಡ್ಡು ಎಂದಳು.

ಕರ್ಣಕುಂಡಲಕ್ಕೆ ಆಶ್ಚರ್ಯವಾಯಿತು.

"ನೀ ಯಾಕ ತುಂಬತೀ? ನೀ ಒಡ್ಡಬೇಕು. ಹೋಗಾಕಿ ನಾನು" ಎಂದಿತು.

"ಹುಚ್ಚಿ, ಹೋಗೋರ ಉಡಿ ತುಂಬತಾರ, ಉಳಿಯೋರದಲ್ಲ" ಎಂದಳು ಸಾತವ್ವ.

ಗಿಡಗಳು ಒಂದನ್ನೊಂದು ನೋಡಿಕೊಂಡವು. ಅವು ತಪ್ಪು ತಿಳಿದುಕೊಂಡಿದ್ದವು. ಪಂಚಮಿಯ ದಿನ ಕೆಳಗಿನಿಂದ ನೋಡಿದ್ದಲ್ಲವೇ. ಒಬ್ಬರು ಸೆರಗು ಒಡ್ಡಿದ್ದು ಕಂಡಿತ್ತು, ಒಬ್ಬರು ತುಂಬಿದ್ದು ಕಂಡಿತ್ತು.

"ಇಬ್ಬರೂ ಅಳತಿದ್ರಿ. ಹೋಗೋರು ಯಾರು, ಉಳಿಯೋರು ಯಾರು ಅಂತ ನಮಗ ಹ್ಯಾಂಗ ತಿಳೀಬೇಕು?" ಎಂದಿತು ಕರ್ಣಕುಂಡಲ. "ಹೋಗಾಕಿ ತುಂಬಿ ಹೋಗಬೇಕು ಅಂದ್ಕೊಂಡ್ವಿ. ಅಂದಿನಿಂದ ಅದನ್ನs ಮಾಡಾಕ ಹತ್ತೇವಿ."

ಏನನ್ನು ಎಂದು ಕೇಳಿದಳು ಸಾತವ್ವ. ಬೀಜವನ್ನು ಎಂದವು ಗಿಡಗಳು. ಒಂದೊಂದು ಹೂ ಉದುರಿದ ಕಡೆಯೂ ಅವು ಬೀಜ ಮಾಡಿ ಇಟ್ಟಿದ್ದವು. ಬೇರಿನಲ್ಲಿ ಉಳಿದಿದ್ದ ಕೊನೆಯ ಬಲವನ್ನೂ ಅದಕ್ಕೇ ಹಾಕಿದ್ದವು.

ಭೂಮಿತಾಯಿ ಇದನ್ನೆಲ್ಲ ಕೇಳುತ್ತಿದ್ದಳು. ಬಳಸಿದ್ದು ಮತ್ತೆ ಬರುವುದಿಲ್ಲ ಎಂದು ಹೇಳಿದವಳು ಅವಳೇ. ಆ ಮಾತು ಸುಳ್ಳಾಗಿರಲಿಲ್ಲ. ಈ ಗಿಡಗಳು ಮತ್ತೆ ಬರುವುದಿಲ್ಲ. ಆದರೆ ತಪ್ಪು ತಿಳಿದುಕೊಂಡು ಯಾರಾದರೂ ಹೀಗೆ ಮಾಡಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ. ಅವಳು ಬೇರುಗಳನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಂಡಳು.

ಸಾತವ್ವ ಅಕ್ಕಿಯನ್ನು ಗಿಡದ ಬುಡಕ್ಕೆ ಹಾಕಿದಳು. ಅಕ್ಕಿಗೆ ಗುಬ್ಬಿಗಳು ಬಂದವು. ಆಮೇಲೆ ಅವಳು ಸೆರಗು ಒಡ್ಡಿದಳು. ಒಡ್ಡಿದವಳಿಗೆ ಒಂದು ಚಿಂತೆ ಬಂತು. ಕಾಯಿ ಮಾಗಿದ ಮೇಲೆ ಬಿಡಿಸಬೇಕು, ಹಸಿಯಾದರೆ ಬೀಜ ಹುಟ್ಟುವುದಿಲ್ಲ. ಮಾಗಿದ್ದು ಯಾವುದು, ಹಸಿಯದು ಯಾವುದು ಎಂದು ತಿಳಿಯುವುದು ಬಣ್ಣ ನೋಡಿ. ಅವಳಿಗೆ ಕಣ್ಣಿಲ್ಲ. ನೀವು ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ನಾನು ಹಾಳು ಮಾಡಿದರೆ ಹೇಗೆ ಎಂದಳು.

ಚೆಂಡು ಹೂವಿನ ಗಿಡ ಮೊದಲು ಮಾತಾಡಿತು. ನನ್ನ ಒಣಗಿದ ಹೂವನ್ನು ಬೆರಳಿಂದ ಹಿಸುಕು, ಗರಗರ ಅಂದರೆ ಬೀಜ ಆಗಿದೆ ಎಂದು ತಿಳಿ ಎಂದಿತು. ಕೋಳಿಜುಟ್ಟಿನ ಗಿಡ, ನನ್ನ ತಲೆಯನ್ನು ಅಂಗೈ ಮೇಲೆ ಬಗ್ಗಿಸಿ ಒಮ್ಮೆ ಝಾಡಿಸು, ಆಗಿರುವುದು ತಾನಾಗಿ ಉದುರುತ್ತದೆ ಎಂದಿತು.

ಕರ್ಣಕುಂಡಲದ ಕಾಯಿ ಮಾತ್ರ ಮಾಗಿದರೂ ಒಣಗುವುದಿಲ್ಲ. ಮೆತ್ತಗೆ, ಸಣ್ಣ ರೋಮ ಹೊದ್ದು, ಹಸಿಯ ಹಾಗೆಯೇ ಇರುತ್ತದೆ. ಕೈಗೆ ಎರಡೂ ಒಂದೇ. ಕರ್ಣಕುಂಡಲ ಕಾಂಡದಲ್ಲಿ ಉಳಿದಿದ್ದ ನೀರನ್ನೆಲ್ಲ ಒಟ್ಟು ಮಾಡಿ ಕಾಯಿಗಳ ಗೋಡೆಗೆ ತುಂಬಿತು. ಗೋಡೆ ಬಿಗಿದು ನಿಂತಿತು.

"ಅವ್ವಾ, ನೀ ಹುಡುಕಬ್ಯಾಡ. ಸುಮ್ಮನ ಮುಟ್ಟು. ಹಸೀದು ಸುಮ್ಮನಿರತದ. ಮಾಗಿದ್ದು ತಾನs ನಿನ್ನ ಕೈಗೆ ಬರತದ" ಎಂದಿತು.

ಸಾತವ್ವ ಕೈ ಚಾಚಿದಳು. ಒಂದು ಕಾಯಿ ಮುಟ್ಟಿದಳು. ಅದು ಸುಮ್ಮನಿತ್ತು. ಇನ್ನೊಂದು ಮುಟ್ಟಿದಳು. ಅದೂ ಸುಮ್ಮನಿತ್ತು. ಮೂರನೆಯದಕ್ಕೆ ಬೆರಳು ತಾಗಿಸಿದ್ದೇ ತಡ, ಕಾಯಿ ಟಪ್ಪೆಂದು ಸಿಡಿದು, ಅದರ ಗೋಡೆಗಳು ಸುರುಳಿ ಸುತ್ತಿಕೊಂಡು ಬೆರಳನ್ನು ಹಿಡಿದುಕೊಂಡವು. ಕಂದು ಬೀಜಗಳು ಅಂಗೈ ತುಂಬಿ, ಸೆರಗಿಗೆ ಬಿದ್ದವು. ಬೆಚ್ಚಿ ಕೈ ಹಿಂದೆಗೆದ ಸಾತವ್ವ ನಕ್ಕುಬಿಟ್ಟಳು. ಕಣ್ಣು ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಒಳಗಿನಿಂದ ದ್ಯಾಮಪ್ಪ ಓಡಿ ಬಂದ. ತನಗೂ ಒಂದು ಕಾಯಿ ಮುಟ್ಟಲು ಕೊಡು ಎಂದ. ನಿಮ್ಮ ಕೈ ಒರಟು, ದೂರ ಕೂಡ್ರಿ ಎಂದಳು. ಆಮೇಲೆ ಒಂದು ಕೊಟ್ಟಳು.

ಅವಳ ಉಡಿ ತುಂಬಿತು. ಗಿಡಗಳು ಹೋದವು.

ಸಾತವ್ವ ಬೀಜವನ್ನು ನೆರಳಲ್ಲಿ ಆರಿಸಿ, ಹುಳ ಬೀಳದ ಹಾಗೆ ಒಲೆಯ ಬೂದಿ ಕಲಸಿ, ಕೌದಿಯಲ್ಲಿ ಮಿಕ್ಕ ಬಟ್ಟೆಯ ತುಂಡುಗಳಲ್ಲಿ ಗಂಟು ಕಟ್ಟಿ ಮಾಡಿನ ತೊಲೆಗೆ ತೂಗುಹಾಕಿದಳು. ಮುಂದಿನ ಮಿರಗಕ್ಕೆ ಬೆರಳಿಂದ ಮಣ್ಣು ಗೀರಿ ಬಿತ್ತಿದಳು. ಹುಟ್ಟಿದ ಗಿಡಗಳಿಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಲಿಲ್ಲ. ಅವಸರವಾಗಿ ಬೆಳೆದವು, ಮೈತುಂಬ ಅರಳಿದವು, ಬೀಜ ಕೊಟ್ಟು ಹೋದವು. ಸಾತವ್ವ ಅವನ್ನು ತಡವುತ್ತ, ಇಲ್ಲಿ ಕೆಂಪು, ಇಲ್ಲಿ ಬಿಳಿ, ಬಂದಿರಾ ಎನ್ನುತ್ತಿದ್ದಳು. ಕೆಂಪು ಹೂವಿನ ಗಿಡಕ್ಕೆ ಬಿಳಿ ಎಂದರೂ ಗಿಡಗಳು ಓಗೊಡುತ್ತಿದ್ದವು.

ಪಂಚಮಿಗೆ ಬಂದ ಕಲ್ಲವ್ವ ಒಂದು ಗಂಟು ಬೀಜ ತೆಗೆದುಕೊಂಡು ಹೋದಳು. ಅವಳಿಂದ ಅವಳ ನೆರೆಮನೆಗೆ ಹೋಯಿತು. ಅಲ್ಲಿಂದ ಹಳ್ಳದ ಆಚೆಗೆ, ಅಲ್ಲಿಂದ ಬೇರೆ ಊರಿಗೆ. ಬೀಜ ಹೋದಲ್ಲೆಲ್ಲ ಜನ ಬಾಗಿಲ ಹತ್ತಿರವೇ ಬಿತ್ತಿದರು, ನೋಡಲು ಹತ್ತಿರವಾಗಲಿ ಎಂದು. ಈಗ ನಮ್ಮ ಕುಂಡಗಳಲ್ಲಿ ಅರಳುವ ಜಿನಿಯಾ, ಕಾಸ್ಮಾಸ್ ಎಲ್ಲ ಎಷ್ಟೋ ಕಾಲದ ಮೇಲೆ ದೂರದ ನಾಡಿನಿಂದ ಬಂದವು. ಅವೂ ಒಂದೇ ಕಾಲ ಇದ್ದು, ಬಣ್ಣವನ್ನೆಲ್ಲ ಕೊಟ್ಟು, ಬೀಜ ಬಿಟ್ಟು ಹೋಗುತ್ತವೆ. ಅವುಗಳ ನಾಡಿನಲ್ಲೂ ಯಾರೋ ಒಬ್ಬ ಸಾತವ್ವ ಇದ್ದಿರಬೇಕು.

ಅದಕ್ಕೇ ಮಗೂ, ಮಳೆಗಾಲ ಕಳೆದು ಅಂಗಳದ ಗಿಡ ಒಣಗಿದಾಗ ಅದನ್ನು ಕೂಡಲೇ ಕಿತ್ತು ಎಸೆಯಬೇಡ. ಹತ್ತಿರ ಕೂತು ಕರ್ಣಕುಂಡಲದ ಕಾಯಿಗೆ ಮೆಲ್ಲಗೆ ಬೆರಳು ತಾಗಿಸು, ಸಾತವ್ವನ ಕೈಯೇ ಬಂತೆಂದುಕೊಂಡು ಅದು ಇವತ್ತಿಗೂ ಟಪ್ಪೆಂದು ಸಿಡಿದು ನಿನ್ನ ಅಂಗೈ ತುಂಬುತ್ತದೆ.